ಆರು ತಿಂಗಳ ನಂತರ ಮಗುವಿಗೆ ಮನೆಯಡುಗೆ: ನೀರಾಗಿರಬಾರದು, ಕಬ್ಬಿಣಾಂಶ ಇರಲೇಬೇಕು

ತಿಂಗಳು ತುಂಬಿ ಹುಟ್ಟಿದ ಆರೋಗ್ಯವಂತ ಮಗು ಗರ್ಭದಲ್ಲಿದ್ದಾಗಲೇ ತಾಯಿಯಿಂದ ಒಂದಿಷ್ಟು ಕಬ್ಬಿಣಾಂಶವನ್ನು ಪಡೆದು ದೇಹದಲ್ಲಿ ಕೂಡಿಟ್ಟುಕೊಂಡಿರುತ್ತದೆ. ಸುಮಾರು ಆರು ತಿಂಗಳ ಹೊತ್ತಿಗೆ ಆ ಸಂಗ್ರಹ ಕರಗುತ್ತ ಬರುತ್ತದೆ. ಎದೆಹಾಲಿನ ಕಬ್ಬಿಣಾಂಶ ಮಗುವಿನ ದೇಹಕ್ಕೆ ಚೆನ್ನಾಗಿ ಸೇರುತ್ತದಾದರೂ ಅದರ ಪ್ರಮಾಣ ತೀರ ಕಡಿಮೆ. ಇದೇ ಸಮಯದಲ್ಲಿ ಮಗುವಿನ ಶಕ್ತಿಯ ಅಗತ್ಯವೂ ಹಾಲೊಂದರಿಂದಲೇ ನೀಗದಷ್ಟು ಹೆಚ್ಚಿರುತ್ತದೆ. ಮೊದಲ ಆರು ತಿಂಗಳು ಎದೆಹಾಲನ್ನು ಮಾತ್ರ ಕೊಡಬೇಕು, ಆಮೇಲೆ ಎರಡು ವರ್ಷದವರೆಗೆ ಅಥವಾ ಅದಕ್ಕೂ ಮುಂದಕ್ಕೆ ಎದೆಹಾಲನ್ನು ಮುಂದುವರಿಸುತ್ತಲೇ ಅದರ ಜೊತೆಗೆ ಪೂರಕ ಆಹಾರ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಕ್ಕೆ ಈ ಎರಡು ಕಾರಣಗಳು ಮುಖ್ಯ. ಪೂರಕ ಆಹಾರವು ಹಾಲಿನ ಬದಲಿಗೆ ಕೊಡುವಂಥದ್ದಲ್ಲ, ಹಾಲಿನಲ್ಲಿ ಸಾಲದೆ ಬಂದದ್ದನ್ನು ತುಂಬಿಕೊಡುವಂಥದ್ದು.

ಹೀಗಾಗಿ ಮಗುವಿಗೆ ಅಡುಗೆ ಮಾಡುವವರು ದಿನಕ್ಕೊಂದು ಹೊಸ ಪಾಕವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮಾಡಿದ ಆಹಾರ ಸಾಕಷ್ಟು ಗಟ್ಟಿಯಾಗಿದೆಯೇ, ಅದರಲ್ಲಿ ಕಬ್ಬಿಣಾಂಶವಿರುವ ಪದಾರ್ಥ ಬಿದ್ದಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಪ್ರತಿದಿನ ಕೇಳಿಕೊಂಡರೆ ಮುಕ್ಕಾಲು ಪಾಲು ಕೆಲಸ ಆದಂತೆ.

ಮಗು ಸಿದ್ಧವಾಗಿದೆಯೇ ಎಂದು ನೋಡಿಕೊಳ್ಳುವುದು

ಕ್ಯಾಲೆಂಡರಿನಲ್ಲಿ ಆರು ತಿಂಗಳು ತುಂಬಿದ ದಿನವೇ ಚಮಚ ಹಿಡಿಯಬೇಕೆಂದಿಲ್ಲ, ಆದರೆ ಅಲ್ಲಿಂದ ತುಂಬ ದೂರ ಮುಂದೂಡುವುದೂ ಸರಿಯಲ್ಲ. ಮಗು ಕತ್ತನ್ನು ನೆಟ್ಟಗೆ ನಿಲ್ಲಿಸುತ್ತದೆಯೇ, ಸ್ವಲ್ಪ ಆಸರೆ ಕೊಟ್ಟರೆ ಕುಳಿತುಕೊಳ್ಳುತ್ತದೆಯೇ, ಮನೆಯವರು ಊಟ ಮಾಡುವಾಗ ಅವರ ಕೈಯನ್ನೂ ಬಾಯಿಯನ್ನೂ ಆಸೆಯಿಂದ ನೋಡುತ್ತದೆಯೇ, ಬಾಯಿಗಿಟ್ಟ ಆಹಾರವನ್ನು ನಾಲಿಗೆಯಿಂದ ಹೊರಗೆ ತಳ್ಳದೆ ಒಳಗೆ ಎಳೆದುಕೊಳ್ಳುತ್ತದೆಯೇ ಎಂದು ಗಮನಿಸಿ. ಚಿಕ್ಕ ಶಿಶುಗಳಲ್ಲಿ ನಾಲಿಗೆ ಎಲ್ಲವನ್ನೂ ತಾನಾಗಿಯೇ ಹೊರಗೆ ತಳ್ಳುತ್ತದೆ. ಅದು ಇಷ್ಟವಿಲ್ಲ ಎಂಬುದರ ಸೂಚನೆಯಲ್ಲ, ಆ ಸಹಜ ಪ್ರತಿಕ್ರಿಯೆ ಇನ್ನೂ ಹೋಗಿಲ್ಲ ಎಂದಷ್ಟೇ ಅರ್ಥ. ಒಂದೆರಡು ದಿನ ಬಿಟ್ಟು ಮತ್ತೆ ಪ್ರಯತ್ನಿಸಬಹುದು. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳು, ಹುಟ್ಟುವಾಗ ತೂಕ ಕಡಿಮೆಯಿದ್ದ ಮಕ್ಕಳು ಮತ್ತು ನುಂಗಲು ತೊಂದರೆಯಿರುವ ಮಕ್ಕಳ ವಿಷಯದಲ್ಲಿ ಯಾವಾಗ, ಯಾವುದರಿಂದ ಆರಂಭಿಸಬೇಕೆಂಬುದನ್ನು ಮಕ್ಕಳ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಸಲಕರಣೆಗಳ ದೊಡ್ಡ ಪಟ್ಟಿಯೇನೂ ಬೇಡ. ತಳ ದಪ್ಪಗಿರುವ ಒಂದು ಚಿಕ್ಕ ಪಾತ್ರೆ, ಒಂದು ಜರಡಿ ಅಥವಾ ಮಿಕ್ಸಿ, ಅಂಚು ಮೆತ್ತಗಿರುವ ಚಿಕ್ಕ ಚಮಚ, ಮಗುವಿಗೆಂದೇ ಮೀಸಲಾದ ಒಂದು ಬಟ್ಟಲು, ನೀರು ಕುಡಿಸಲು ಪುಟ್ಟ ಲೋಟ ಇದ್ದರೆ ಸಾಕು. ಮಗುವಿಗೆ ಬೇರೆ ಬಟ್ಟಲಿದ್ದರೆ ಅದು ಎಷ್ಟು ತಿಂದಿತೆಂಬ ಲೆಕ್ಕ ಸಿಗುತ್ತದೆ. ದೊಡ್ಡವರ ತಟ್ಟೆಯಿಂದಲೇ ತುತ್ತು ಕೊಡುತ್ತಿದ್ದರೆ ಆ ಲೆಕ್ಕ ಯಾರಿಗೂ ಸಿಗುವುದಿಲ್ಲ.

ಗಟ್ಟಿತನದ ಲೆಕ್ಕ

ಮಗುವಿನ ಹೊಟ್ಟೆಯ ಅಳತೆಯನ್ನು ತೂಕದ ಪ್ರತಿ ಕಿಲೋಗೆ ಸುಮಾರು 30 ಮಿಲಿಲೀಟರ್ ಎಂದು ಅಂದಾಜು ಮಾಡುತ್ತಾರೆ. ಎಂಟು ಕಿಲೋ ತೂಗುವ ಮಗುವಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ ಹಿಡಿಸುವುದು ಹೆಚ್ಚೆಂದರೆ 240 ಮಿಲಿಲೀಟರ್, ಎಂದರೆ ಒಂದು ಲೋಟದಷ್ಟು. ಎದೆಹಾಲು ಕುಡಿಯುವ ಮಗುವಿಗೆ ಆಹಾರದಿಂದ ಸಿಗಬೇಕಾದ ಶಕ್ತಿ ಆರರಿಂದ ಎಂಟು ತಿಂಗಳವರೆಗೆ ದಿನಕ್ಕೆ ಸುಮಾರು 200 ಕಿಲೋಕ್ಯಾಲರಿ, ಒಂಬತ್ತರಿಂದ ಹನ್ನೊಂದು ತಿಂಗಳಲ್ಲಿ ಸುಮಾರು 300, ಒಂದು ವರ್ಷ ದಾಟಿದ ಮೇಲೆ ಸುಮಾರು 550. ಇಷ್ಟು ಚಿಕ್ಕ ಹೊಟ್ಟೆಯನ್ನು ಬೇಳೆಯ ತಿಳಿ, ತರಕಾರಿ ಬೇಯಿಸಿದ ನೀರು, ನೀರಾದ ಗಂಜಿ ಇವುಗಳಿಂದ ತುಂಬಿಸಿದರೆ ಮಗುವಿಗೆ ಹೊಟ್ಟೆ ತುಂಬಿದಂತಾಗಿ ಹಾಲೂ ಕಡಿಮೆಯಾಗುತ್ತದೆ, ಶಕ್ತಿಯೂ ಸಿಗುವುದಿಲ್ಲ. ಬೇಳೆಯ ಸಾರವೆಲ್ಲ ತಿಳಿಗೆ ಇಳಿದಿರುತ್ತದೆ ಎಂಬ ನಂಬಿಕೆ ಬಲವಾಗಿದೆ. ಆದರೆ ಪ್ರೋಟೀನೂ ಕಬ್ಬಿಣಾಂಶವೂ ಬಹುಪಾಲು ಉಳಿಯುವುದು ತಳದಲ್ಲಿ ಕೂತ ಬೆಂದ ಬೇಳೆಯಲ್ಲೇ. ಮಾಂಸ ಬೇಯಿಸಿದ ನೀರಿಗೂ ಇದೇ ಮಾತು ಸಲ್ಲುತ್ತದೆ: ಕಬ್ಬಿಣಾಂಶ ಮಾಂಸದಲ್ಲಿರುತ್ತದೆ, ಸಾರಿನಲ್ಲಿರುವುದು ಹೆಚ್ಚಾಗಿ ರುಚಿ.

ಗಟ್ಟಿತನವನ್ನು ಅಳೆಯಲು ಚಮಚವೊಂದೇ ಸಾಕು. ಆಹಾರವನ್ನು ಚಮಚದ ತುಂಬ ತೆಗೆದು ಸ್ವಲ್ಪ ವಾರೆ ಮಾಡಿ. ನೀರಿನಂತೆ ಹರಿದು ಬಿದ್ದರೆ ಅದು ತೀರ ತೆಳು. ಚಮಚದಲ್ಲೇ ನಿಂತು, ಮೆಲ್ಲಗೆ ಮಾತ್ರ ಜಾರಿದರೆ ಹದ ಸರಿಯಿದೆ. ಮೊದಲ ಕೆಲವು ದಿನ ಮಗುವಿಗೆ ನುಂಗುವ ಅಭ್ಯಾಸವಾಗುವವರೆಗೆ ಸ್ವಲ್ಪ ಸಡಿಲವಾಗಿರಬಹುದು. ಅಷ್ಟರ ಮೇಲೂ ನೀರು ಬೆರೆಸುತ್ತಲೇ ಹೋಗುವುದಕ್ಕೆ ಕಾರಣವಿಲ್ಲ. ಸಡಿಲ ಮಾಡಲೇಬೇಕಾದಾಗ ನೀರಿನ ಬದಲು ಹಿಂಡಿದ ಎದೆಹಾಲನ್ನೋ ಮಗು ಕುಡಿಯುವ ಫಾರ್ಮುಲಾ ಹಾಲನ್ನೋ ಬೆರೆಸಿದರೆ ಪರಿಚಿತ ರುಚಿ ಬರುತ್ತದೆ, ಸತ್ವವೂ ಕಡಿಮೆಯಾಗುವುದಿಲ್ಲ.

ಬುನಾದಿಯ ಗಂಜಿ

ಧಾನ್ಯ ಮತ್ತು ಬೇಳೆ ಸೇರಿಸಿ ಮಾಡುವ ಗಂಜಿಯೊಂದನ್ನು ಕಲಿತರೆ ಅದರ ಮೇಲೆ ವಾರವಿಡೀ ಬೇರೆ ಬೇರೆ ಊಟಗಳನ್ನು ಕಟ್ಟಬಹುದು. ಧಾನ್ಯದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಬೇಳೆಕಾಳುಗಳಲ್ಲಿ ಅದು ಹೆಚ್ಚು. ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೋನಿನ್ ಧಾನ್ಯದಲ್ಲಿ ಸಿಗುತ್ತದೆ. ಎರಡೂ ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ನೀಗುತ್ತದೆ.

ಎರಡು ದೊಡ್ಡ ಚಮಚ ಅಕ್ಕಿ ಅಥವಾ ನುಚ್ಚು ಮಾಡಿದ ಬೇರೆ ಯಾವುದೇ ಧಾನ್ಯ, ಒಂದು ದೊಡ್ಡ ಚಮಚ ಸಿಪ್ಪೆ ತೆಗೆದ ಬೇಳೆ ತೆಗೆದುಕೊಳ್ಳಿ. ಎರಡನ್ನೂ ಆರಿಸಿ, ನೀರು ತಿಳಿಯಾಗುವವರೆಗೆ ತೊಳೆದು, ಅರ್ಧ ಗಂಟೆಯಾದರೂ ನೆನೆಸಿ, ಆ ನೀರನ್ನು ಚೆಲ್ಲಿಬಿಡಿ. ದೊಡ್ಡ ಲೋಟವೊಂದರಷ್ಟು ಹೊಸ ನೀರು ಹಾಕಿ, ಮೊದಲು ಕುದಿ ಬರಿಸಿ, ಆಮೇಲೆ ಉರಿ ಸಣ್ಣ ಮಾಡಿ, ತಳ ಹಿಡಿಯದಂತೆ ಆಗಾಗ ಕೈಯಾಡಿಸುತ್ತ ಬೇಯಿಸಿ. ನೀರು ಆರಿದರೆ ಬಿಸಿನೀರನ್ನೇ ಸೇರಿಸಿ. ಒಂದು ಬೇಳೆಯನ್ನು ತೆಗೆದು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತಿದಾಗ ನಡುವೆ ಗಟ್ಟಿ ಬೀಜ ತಾಗದೆ ಬೆಣ್ಣೆಯಂತೆ ಹರಡಿಕೊಂಡರೆ ಬೆಂದಿದೆ ಎಂದು ತಿಳಿಯಬೇಕು. ಕುಕ್ಕರಿನಲ್ಲಿ ಬೇಯಿಸುವವರು ಇದೇ ಪರೀಕ್ಷೆಯನ್ನು ಮುಚ್ಚಳ ತೆಗೆದ ಮೇಲೆ ಮಾಡಲಿ, ಸೀಟಿಯ ಲೆಕ್ಕವನ್ನಷ್ಟೇ ನಂಬಿಕೊಳ್ಳುವುದು ಬೇಡ. ಬೆಂದದ್ದನ್ನು ಬಿಸಿಯಿರುವಾಗಲೇ ಜರಡಿಯ ಮೇಲೆ ಹಾಕಿ ಚಮಚದ ಹಿಂಬದಿಯಿಂದ ತಿಕ್ಕಿ ಇಳಿಸಿ. ಕೊನೆಗೆ ಮಗುವಿನ ಪಾಲಿಗೆ ಒಂದು ಚಿಕ್ಕ ಚಮಚ ಎಣ್ಣೆ, ಬೆಣ್ಣೆ ಅಥವಾ ತುಪ್ಪ ಬೆರೆಸಿ. ಒಂದು ಚಿಕ್ಕ ಚಮಚ ಎಣ್ಣೆಯಲ್ಲಿ ಸುಮಾರು 40 ಕಿಲೋಕ್ಯಾಲರಿ ಇರುತ್ತದೆ, ಆದ್ದರಿಂದ ಹೊಟ್ಟೆಯಲ್ಲಿ ಜಾಗ ಹಿಡಿಯದೆ ಶಕ್ತಿ ಹೆಚ್ಚಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಕ್ಯಾರೆಟ್, ಕುಂಬಳಕಾಯಿ, ಸೊಪ್ಪುಗಳಲ್ಲಿರುವ ಎ ಜೀವಸತ್ವದ ಮೂಲವಸ್ತುಗಳು ದೇಹಕ್ಕೆ ಸೇರಬೇಕಾದರೂ ಜಿಡ್ಡು ಬೇಕು.

ಹಿಟ್ಟಿನ ಗಂಜಿ ಮಾಡುವವರಿಗೆ ಒಂದು ತೊಡಕು ಎದುರಾಗುತ್ತದೆ. ಹಿಟ್ಟು ಹೆಚ್ಚು ಹಾಕಿದರೆ ಅಂಟಂಟಾಗಿ ಮಗುವಿನ ಅಂಗುಳಿಗೆ ಹಿಡಿಯುತ್ತದೆ, ನೀರು ಹೆಚ್ಚು ಹಾಕಿದರೆ ಸತ್ವ ಹೋಗುತ್ತದೆ. ಇದಕ್ಕೆ ಮೊಳಕೆ ಹಿಟ್ಟು ಒಳ್ಳೆಯ ಪರಿಹಾರ. ಗೋಧಿಯಂಥ ಧಾನ್ಯವನ್ನು ರಾತ್ರಿಯಿಡೀ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಒಡೆದ ಮೇಲೆ ಚೆನ್ನಾಗಿ ಒಣಗಿಸಿ, ಹದವಾಗಿ ಬೆಚ್ಚಗೆ ಮಾಡಿ ಪುಡಿ ಮಾಡಿಟ್ಟುಕೊಳ್ಳಬೇಕು. ಮೊಳಕೆಯೊಡೆಯುವಾಗ ಧಾನ್ಯದಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ, ಅದು ಪಿಷ್ಟವನ್ನು ತುಂಡರಿಸುತ್ತದೆ. ಗಟ್ಟಿಯಾಗಿ ಬೇಯಿಸಿದ ಗಂಜಿಯನ್ನು ಒಲೆಯಿಂದ ಇಳಿಸಿ, ಕುದಿ ನಿಂತು ಸ್ವಲ್ಪ ಆರಿದ ಮೇಲೆ ಅರ್ಧ ಚಿಕ್ಕ ಚಮಚದಷ್ಟು ಮೊಳಕೆ ಹಿಟ್ಟು ಬೆರೆಸಿ ಕಲಸಿದರೆ ಕೆಲವೇ ನಿಮಿಷಗಳಲ್ಲಿ ಗಂಜಿ ಕಣ್ಣೆದುರೇ ಸಡಿಲವಾಗುತ್ತದೆ, ಒಂದು ಹನಿ ನೀರೂ ಸೇರಿರುವುದಿಲ್ಲ. ಬೆರೆಸಿದ ಹಿಟ್ಟು ಹಸಿಯದಾದ್ದರಿಂದ ಅನಂತರ ಇನ್ನೊಮ್ಮೆ ಕುದಿ ಬರಿಸಿ ಆರಿಸಿಕೊಡಬೇಕು. ಪುಡಿ ಮಾಡುವ ಮೊದಲು ಕೆಂಪಗಾಗುವಂತೆ ಹುರಿದುಬಿಟ್ಟರೆ ಕಿಣ್ವ ನಾಶವಾಗಿ ಈ ಗುಣ ಹೋಗುತ್ತದೆ.

ಅಕ್ಕಿಯೊಂದನ್ನೇ ದಿನವೂ ಕೊಡುವುದು ಬೇಡ. ಬೆಳೆಯುವಾಗ ನೆಲ ಮತ್ತು ನೀರಿನಿಂದ ಆರ್ಸೆನಿಕ್ ಅನ್ನು ಅಕ್ಕಿ ಬೇರೆ ಧಾನ್ಯಗಳಿಗಿಂತ ಹೆಚ್ಚು ಹೀರಿಕೊಳ್ಳುತ್ತದೆ. ಹೆದರಿ ಅಕ್ಕಿಯನ್ನು ಬಿಡಬೇಕಾಗಿಲ್ಲ, ಧಾನ್ಯಗಳನ್ನು ಬದಲಾಯಿಸುತ್ತಿದ್ದರೆ ಸಾಕು.

ಕಬ್ಬಿಣಾಂಶ ಎಲ್ಲಿಂದ ಬರಬೇಕು

ಏಳರಿಂದ ಹನ್ನೆರಡು ತಿಂಗಳ ಮಗುವಿಗೆ ದಿನಕ್ಕೆ 11 ಮಿಲಿಗ್ರಾಂ ಕಬ್ಬಿಣಾಂಶ ಬೇಕೆಂದು ಅಮೆರಿಕದ ಪೋಷಣಾ ಮಾನದಂಡ ಹೇಳುತ್ತದೆ. ವಯಸ್ಕ ಗಂಡಸಿಗೆ ಅದೇ ಮಾನದಂಡದಲ್ಲಿ ನಿಗದಿಯಾಗಿರುವುದು 8 ಮಿಲಿಗ್ರಾಂ. ಅಂದರೆ ಬಟ್ಟಲಿನಲ್ಲಿ ಕೆಲವೇ ಚಮಚ ತಿನ್ನುವ ಮಗುವಿಗೆ ತಂದೆಗಿಂತ ಹೆಚ್ಚು ಕಬ್ಬಿಣಾಂಶ ಬೇಕು. ಮಿದುಳು ವೇಗವಾಗಿ ಬೆಳೆಯುವ ಕಾಲದಲ್ಲಿ ಈ ಕೊರತೆ ಉಳಿದರೆ ಅದರ ಪರಿಣಾಮ ರಕ್ತಹೀನತೆಗಷ್ಟೇ ಸೀಮಿತವಾಗಿರುವುದಿಲ್ಲ, ಕಲಿಕೆಯ ಮೇಲೂ ಆಗಬಹುದು. ಹಣ್ಣು ಮತ್ತು ತರಕಾರಿಯನ್ನಷ್ಟೇ ಅರೆದು ಕೊಡುವ ಪದ್ಧತಿ ನೋಡಲು ಆರೋಗ್ಯಕರವೆನಿಸಿದರೂ ಇಲ್ಲಿ ಸಾಲದು.

ಮಾಂಸ, ಕೋಳಿ, ಮೀನು ತಿನ್ನುವ ಮನೆಗಳಲ್ಲಿ ಆರು ತಿಂಗಳಿಂದಲೇ ಅವುಗಳನ್ನು ಕೊಡಬಹುದು; ಮೊದಲ ಆಹಾರವಾಗಿ ಕೊಟ್ಟರೂ ತಪ್ಪಿಲ್ಲ. ಮಾಂಸದಲ್ಲಿರುವ ಹೀಮ್ ಕಬ್ಬಿಣಾಂಶ ಸಸ್ಯಗಳದ್ದಕ್ಕಿಂತ ಸುಲಭವಾಗಿ ದೇಹಕ್ಕೆ ಸೇರುತ್ತದೆ. ಕೊಬ್ಬು, ನರ, ಮೂಳೆ ತೆಗೆದ ಮಾಂಸವನ್ನು ಸಣ್ಣಗೆ ಕೊಚ್ಚಿ, ನಡುವೆ ಸ್ವಲ್ಪವೂ ಕೆಂಪು ಉಳಿಯದಂತೆ ಮೆತ್ತಗೆ ಬೇಯಿಸಿ, ಬೇಯಿಸಿದ ನೀರಿನೊಂದಿಗೇ ನುಣ್ಣಗೆ ಅರೆಯಿರಿ. ಬರಿಯ ಮಾಂಸ ಅರೆದರೆ ಮರಳುಮರಳಾಗಿ ಬಾಯಲ್ಲಿ ಉಳಿಯುತ್ತದೆ. ಬೇಯಿಸಿದ ಆಲೂಗಡ್ಡೆಯನ್ನೋ ಗಂಜಿಯನ್ನೋ ಸೇರಿಸಿ ಅರೆದರೆ ನುಣುಪಾಗುತ್ತದೆ. ಮೀನನ್ನು ಹಬೆಯಲ್ಲಿ ಬೇಯಿಸಿ, ಬಿಳಿಯ ತಟ್ಟೆಯ ಮೇಲೆ ಬೆರಳಿನಿಂದ ಎಸಳೆಸಳಾಗಿ ಬಿಡಿಸಿ, ಪ್ರತಿ ಎಸಳನ್ನೂ ಒತ್ತಿ ನೋಡಿ ಮುಳ್ಳು ತೆಗೆಯಬೇಕು. ಶಾರ್ಕ್, ಕತ್ತಿಮೀನಿನಂಥ ದೊಡ್ಡ ಬೇಟೆಮೀನುಗಳಲ್ಲಿ ಪಾದರಸ ಹೆಚ್ಚಿರುವುದರಿಂದ ಅವು ಬೇಡ. ಯಕೃತ್ತಿನಲ್ಲಿ ಕಬ್ಬಿಣಾಂಶ ಹೇರಳವಾಗಿದ್ದರೂ ಎ ಜೀವಸತ್ವ ಅತಿಯಾಗಿರುತ್ತದೆ, ಹಾಗಾಗಿ ವಾರಕ್ಕೊಮ್ಮೆ ಸ್ವಲ್ಪ ಕೊಟ್ಟರೆ ಸಾಕು.

ಸಸ್ಯಾಹಾರದ ಮನೆಗಳಲ್ಲಿ ಬೇಳೆ, ಕಾಳು, ಸೋಯಾ, ಎಳ್ಳು, ಸೊಪ್ಪುಗಳಿಂದ ಕಬ್ಬಿಣಾಂಶ ಬರಬೇಕು, ಅದು ದೇಹಕ್ಕೆ ಸೇರುವಂತೆ ಮಾಡುವ ಉಪಾಯವನ್ನೂ ಅಡುಗೆಯಲ್ಲೇ ಮಾಡಿಕೊಳ್ಳಬೇಕು. ಕಾಳಿನಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣ ಮತ್ತು ಸತುವನ್ನು ಹಿಡಿದಿಟ್ಟುಕೊಂಡುಬಿಡುತ್ತದೆ. ಕಾಳನ್ನು ರಾತ್ರಿಯಿಡೀ ನೆನೆಸುವುದು, ಮೊಳಕೆ ಬರಿಸುವುದು, ಹಿಟ್ಟನ್ನು ಹುದುಗಿಸುವುದು ಇವುಗಳಿಂದ ಆ ಹಿಡಿತ ಸಡಿಲಾಗುತ್ತದೆ. ಅದೇ ಊಟದಲ್ಲಿ ಸಿ ಜೀವಸತ್ವವಿರುವ ಪದಾರ್ಥವೊಂದಿದ್ದರೆ ಕಬ್ಬಿಣಾಂಶ ಸೇರುವ ಪ್ರಮಾಣ ಗಮನಾರ್ಹವಾಗಿ ಹೆಚ್ಚುತ್ತದೆ: ಬೇಳೆಯ ಗಂಜಿಗೆ ಬೇಯಿಸಿ ಸೋಸಿದ ಟೊಮೇಟೊ ತಿರುಳು ಬೆರೆಸಬಹುದು, ಊಟದ ಕೊನೆಗೆ ಬೀಜ ತೆಗೆದ ಪೇರಲೆಯ ತಿರುಳನ್ನೋ ಕಿತ್ತಳೆಯ ತಿರುಳನ್ನೋ ಕೊಡಬಹುದು. ಸಿ ಜೀವಸತ್ವ ಬಿಸಿಗೆ ಹಾಳಾಗುವುದರಿಂದ ನಿಂಬೆರಸ ಹಿಂಡುವುದಾದರೆ ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು. ಕಬ್ಬಿಣದ ಬಾಣಲೆಯಲ್ಲಿ ಟೊಮೇಟೊದಂಥ ಹುಳಿ ಪದಾರ್ಥ ಹಾಕಿ ಬೇಯಿಸಿದರೂ ಸ್ವಲ್ಪ ಕಬ್ಬಿಣ ಅಡುಗೆಗೆ ಇಳಿಯುತ್ತದೆ. ಚಹಾ, ಕಾಫಿಗಳಲ್ಲಿರುವ ಟ್ಯಾನಿನ್‌ನಂಥ ಅಂಶಗಳು ಇದಕ್ಕೆ ಅಡ್ಡಿ ಮಾಡುತ್ತವೆ. ಅವುಗಳನ್ನು ಮಗುವಿಗೆ ಗುಟುಕು ಕೂಡ ಕೊಡಬಾರದು. ಇಷ್ಟೆಲ್ಲ ಮಾಡಿದರೂ ಮನೆಯಡುಗೆಯಿಂದಲೇ ಪೂರ್ತಿ ಅಗತ್ಯ ತುಂಬುವುದು ಹಲವು ಮಕ್ಕಳಲ್ಲಿ ಕಷ್ಟ, ಆದಕಾರಣ ಕಬ್ಬಿಣಾಂಶದ ಹನಿಗಳನ್ನು ವೈದ್ಯರು ಬರೆದುಕೊಟ್ಟರೆ ಅದನ್ನು ತಮ್ಮ ಅಡುಗೆಯ ಸೋಲೆಂದು ಯಾರೂ ಭಾವಿಸಬೇಕಾಗಿಲ್ಲ.

ಮೊಟ್ಟೆ, ಕಡಲೆಕಾಯಿ ಮತ್ತು ಅಲರ್ಜಿಯ ಭಯ

ಮೊಟ್ಟೆ, ಕಡಲೆಕಾಯಿ, ಮೀನು, ಗೋಧಿ ಮೊದಲಾದವುಗಳನ್ನು ಒಂದು ವರ್ಷ ಕಳೆದ ಮೇಲೆಯೇ ಕೊಡಬೇಕು ಎಂಬ ಸಲಹೆ ಹಿಂದೆ ವ್ಯಾಪಕವಾಗಿತ್ತು. ಅದು ಈಗ ಬದಲಾಗಿದೆ. 2015ರಲ್ಲಿ ಪ್ರಕಟವಾದ ಲೀಪ್ ಎಂಬ ಅಧ್ಯಯನದಲ್ಲಿ, ಅಲರ್ಜಿಯ ಅಪಾಯ ಹೆಚ್ಚಿದ್ದ ಶಿಶುಗಳಿಗೆ ಮೊದಲ ವರ್ಷದಲ್ಲೇ ಕಡಲೆಕಾಯಿ ಇರುವ ಆಹಾರವನ್ನು ನಿಯಮಿತವಾಗಿ ಕೊಟ್ಟಾಗ, ಕಡಲೆಕಾಯಿಯನ್ನು ದೂರವಿಟ್ಟ ಮಕ್ಕಳಿಗಿಂತ ಅವರಲ್ಲಿ ಮುಂದೆ ಆ ಅಲರ್ಜಿ ತುಂಬ ಕಡಿಮೆ ಕಾಣಿಸಿತು. ತಡ ಮಾಡುವುದರಿಂದ ರಕ್ಷಣೆ ಸಿಗುವುದಿಲ್ಲ ಎಂಬುದು ಇಂದಿನ ತಿಳಿವಳಿಕೆ. ತೀವ್ರ ಇಸುಬು ಇರುವ ಮಗುವಿಗೆ ಅಥವಾ ಈಗಾಗಲೇ ಒಂದು ಆಹಾರಕ್ಕೆ ಅಲರ್ಜಿ ತೋರಿಸಿದ ಮಗುವಿಗೆ ಮಾತ್ರ ವೈದ್ಯರನ್ನು ಕೇಳಿ ಮುಂದುವರಿಯಬೇಕು.

ಕಡಲೆಕಾಯಿಯನ್ನು ಇಡಿಯಾಗಿ ಎಂದೂ ಕೊಡಬಾರದು. ಹುರಿದು ಸಿಪ್ಪೆ ತೆಗೆದು ಬೆಣ್ಣೆಯಂತೆ ನುಣ್ಣಗೆ ಅರೆದು, ಅದರಲ್ಲಿ ಕಾಲು ಚಮಚವನ್ನು ಬಿಸಿ ಗಂಜಿಯಲ್ಲಿ ಪೂರ್ತಿ ಕರಗಿಸಿ ಕೊಡಬೇಕು, ಏಕೆಂದರೆ ಗಟ್ಟಿ ಮುದ್ದೆಯಾಗಿ ಬಾಯಿಗಿಟ್ಟರೆ ಅದೇ ಗಂಟಲಿಗೆ ಅಂಟಿಕೊಳ್ಳಬಹುದು. ಮೊಟ್ಟೆಯ ಹಳದಿ ಬಿಳಿ ಎರಡೂ ಗಟ್ಟಿಯಾಗುವವರೆಗೆ ಬೇಯಿಸಿ, ಹಾಲು ಬೆರೆಸಿ ಕಿವುಚಿ ಕೊಡಿ. ಇಂಥ ಆಹಾರಗಳನ್ನು ಒಂದೊಂದಾಗಿ, ಮಗು ಆರೋಗ್ಯವಾಗಿರುವ ದಿನ, ಬೆಳಗಿನ ಹೊತ್ತು, ಸ್ವಲ್ಪವೇ ಕೊಟ್ಟು ಆರಂಭಿಸುವುದು ಒಳ್ಳೆಯದು. ರಾತ್ರಿ ಮಲಗಿಸುವ ಮುಂಚೆ ಕೊಟ್ಟರೆ ಏನಾದರೂ ಆದಾಗ ಯಾರಿಗೂ ಗೊತ್ತಾಗುವುದಿಲ್ಲ. ಬಾಯಿಯ ಸುತ್ತ ಅಥವಾ ಮೈಮೇಲೆ ದದ್ದು, ತುಟಿ ಕಣ್ಣುಗಳ ಊತ, ಮತ್ತೆ ಮತ್ತೆ ವಾಂತಿ ಕಂಡರೆ ಆ ಆಹಾರವನ್ನು ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ಉಸಿರಾಟ ಕಷ್ಟವಾದರೆ, ಮಗು ಒಮ್ಮೆಲೆ ಸುಸ್ತಾಗಿ ಜೋತುಬಿದ್ದರೆ ಕ್ಷಣವೂ ಕಾಯದೆ ತುರ್ತು ಚಿಕಿತ್ಸೆಗೆ ಒಯ್ಯಬೇಕು. ಯಾವ ತೊಂದರೆಯೂ ಕಾಣದಿದ್ದರೆ ಆ ಆಹಾರವನ್ನು ವಾರದಲ್ಲಿ ಒಂದೆರಡು ಸಲವಾದರೂ ಮುಂದುವರಿಸಬೇಕು. ಒಮ್ಮೆ ಕೊಟ್ಟು ಮರೆತರೆ ಪ್ರಯೋಜನವಿಲ್ಲ.

ಒಂದು ವರ್ಷದವರೆಗೆ ಬೇಡವೇ ಬೇಡ ಎನ್ನುವಂಥವು

ಜೇನುತುಪ್ಪವನ್ನು ಹನ್ನೆರಡು ತಿಂಗಳು ತುಂಬುವವರೆಗೆ ನಾಲಿಗೆಗೆ ಸವರಲೂ ಬಾರದು. ಅದರಲ್ಲಿ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರಬಹುದು. ದೊಡ್ಡವರ ಕರುಳಿನಲ್ಲಿ ಅವು ಬೆಳೆಯಲಾರವು, ಶಿಶುವಿನ ಕರುಳಿನಲ್ಲಿ ಬೆಳೆದು ನರಗಳನ್ನು ನಿಷ್ಕ್ರಿಯಗೊಳಿಸುವ ವಿಷವನ್ನು ಉತ್ಪಾದಿಸಬಲ್ಲವು. ಕುದಿಸಿದರೂ ಅಡುಗೆಯಲ್ಲಿ ಹಾಕಿದರೂ ಆ ಬೀಜಕಣಗಳು ಸಾಯುವುದಿಲ್ಲ.

ಉಪ್ಪು ಸಕ್ಕರೆಗಳ ಅಗತ್ಯವಿಲ್ಲ. ಒಂದು ವರ್ಷದೊಳಗಿನ ಮಗುವಿಗೆ ದಿನಕ್ಕೆ ಒಂದು ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಮತ್ತು ಅಷ್ಟು ಹಾಲಿನಿಂದಲೂ ಆಹಾರ ಪದಾರ್ಥಗಳಿಂದಲೂ ತಾನಾಗಿ ಸಿಗುತ್ತದೆ. ಸಪ್ಪೆ ಎನಿಸುವುದು ರುಚಿ ನೋಡುವ ದೊಡ್ಡವರ ನಾಲಿಗೆಗೆ. ಬೆಲ್ಲ, ಖರ್ಜೂರದ ಪಾಕ ಇವೂ ಸಕ್ಕರೆಯ ಲೆಕ್ಕಕ್ಕೇ ಬರುತ್ತವೆ. ಹಣ್ಣಿನ ರಸಕ್ಕಿಂತ ಕಿವುಚಿದ ಹಣ್ಣು ಒಳ್ಳೆಯದು. ಹಸುವಿನ ಹಾಲನ್ನು ಅಡುಗೆಗೆ ಸ್ವಲ್ಪ ಬಳಸಬಹುದು, ಮೊಸರನ್ನೂ ಕೊಡಬಹುದು, ಆದರೆ ಎದೆಹಾಲಿನ ಅಥವಾ ಫಾರ್ಮುಲಾದ ಜಾಗದಲ್ಲಿ ಅದನ್ನೇ ಮುಖ್ಯ ಪಾನೀಯವಾಗಿ ಕುಡಿಸುವುದು ಒಂದು ವರ್ಷದೊಳಗೆ ಬೇಡವೆಂದು ಬಹುತೇಕ ಮಕ್ಕಳ ವೈದ್ಯರು ಹೇಳುತ್ತಾರೆ. ಅದರಲ್ಲಿ ಕಬ್ಬಿಣಾಂಶ ತೀರ ಕಡಿಮೆ, ಮೇಲಾಗಿ ಕೆಲವು ಶಿಶುಗಳ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಒಸರುವಂತೆಯೂ ಮಾಡುತ್ತದೆ.

ನುಣ್ಣಗಿನದರಿಂದ ತುಣುಕಿನತ್ತ

ಆರು ತಿಂಗಳಲ್ಲಿ ನುಣ್ಣಗೆ ಅರೆದದ್ದು, ಏಳೆಂಟು ತಿಂಗಳಲ್ಲಿ ಫೋರ್ಕಿನಿಂದ ಒರಟಾಗಿ ಕಿವುಚಿದ್ದು ಮತ್ತು ಬೆರಳಿನಲ್ಲಿ ಹಿಡಿದು ತಿನ್ನುವ ಮೆತ್ತಗಿನ ತುಂಡು, ಒಂದು ವರ್ಷದ ಹೊತ್ತಿಗೆ ಮನೆಯವರ ಊಟವೇ ಸಣ್ಣಗೆ ಕತ್ತರಿಸಿದ್ದು ಎಂಬುದು ಸಾಮಾನ್ಯ ಕ್ರಮ. ಇಲ್ಲಿ ಮಿಕ್ಸಿಯೇ ದೊಡ್ಡ ತೊಡಕು. ಅದರ ಅನುಕೂಲಕ್ಕೆ ಒಗ್ಗಿಕೊಂಡು ಹತ್ತು ತಿಂಗಳು ದಾಟಿದರೂ ಎಲ್ಲವನ್ನೂ ನುಣ್ಣಗೆ ಅರೆದೇ ಕೊಡುತ್ತಿದ್ದರೆ ಮಗು ಅಗಿಯುವುದನ್ನು ಕಲಿಯುವ ಕಾಲ ಕಳೆದುಹೋಗಿ, ಮುಂದೆ ಗಂಟು ಸಿಕ್ಕಿದರೆ ಉಗುಳುವ ಅಭ್ಯಾಸ ಬೆಳೆಯಬಹುದು. ಹಲ್ಲು ಬರಲೆಂದು ಕಾಯುವುದೂ ಬೇಡ, ಮೆತ್ತಗಿನದನ್ನು ಒಸಡಿನಿಂದಲೇ ಜಜ್ಜಬಲ್ಲ ಶಕ್ತಿ ಮಗುವಿಗಿದೆ. ಬೇಯಿಸಿದ ತರಕಾರಿಯ ತುಂಡನ್ನು ಎರಡು ಬೆರಳ ನಡುವೆ ಒತ್ತಿದಾಗ ಸುಲಭವಾಗಿ ಹಿಸುಕಿಹೋದರೆ ಅದು ಮಗುವಿನ ಕೈಗೆ ಕೊಡಲು ಯೋಗ್ಯ.

ತುಣುಕು ತಿನ್ನಲು ಕಲಿಯುವಾಗ ಮಗು ಓಕರಿಸುವುದು ಸಹಜ. ಮುಖ ಕೆಂಪಾಗುತ್ತದೆ, ಸದ್ದು ಮಾಡುತ್ತದೆ, ಕೆಮ್ಮುತ್ತದೆ, ತುಣುಕನ್ನು ತಾನೇ ಮುಂದಕ್ಕೆ ತರುತ್ತದೆ. ಉಸಿರುಗಟ್ಟುವುದು ಬೇರೆ: ಅಲ್ಲಿ ಸದ್ದೇ ಇರುವುದಿಲ್ಲ, ಅಳಲಾಗದು, ಕೆಮ್ಮಲಾಗದು, ತುಟಿ ನೀಲಿಗಟ್ಟುತ್ತದೆ. ಆಗ ಮಗುವನ್ನು ಮುಂಗೈಯ ಮೇಲೆ ಬೋರಲಾಗಿ, ತಲೆ ಎದೆಗಿಂತ ಕೆಳಗಿರುವಂತೆ ಮಲಗಿಸಿಕೊಂಡು, ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ತಟ್ಟಬೇಕು. ಹೊರಬಾರದಿದ್ದರೆ ಮಗುವನ್ನು ತಿರುಗಿಸಿ ಎದೆಯ ನಡುಭಾಗವನ್ನು ಐದು ಸಲ ಒತ್ತಬೇಕು. ಸಹಾಯಕ್ಕೆ ಕೂಗುತ್ತ ಇದನ್ನೇ ಮುಂದುವರಿಸಬೇಕು. ಕಣ್ಣಿಗೆ ಕಾಣದ ತುಣುಕನ್ನು ಹುಡುಕುತ್ತ ಬಾಯೊಳಗೆ ಬೆರಳು ಹಾಕಿದರೆ ಅದು ಇನ್ನೂ ಒಳಕ್ಕೆ ಹೋಗುತ್ತದೆ. ಓದಿ ತಿಳಿದಷ್ಟು ಸಾಲದು, ಮಗುವನ್ನು ನೋಡಿಕೊಳ್ಳುವ ಪ್ರತಿಯೊಬ್ಬರೂ ಈ ಪ್ರಥಮ ಚಿಕಿತ್ಸೆಯನ್ನು ತಿಳಿದವರಿಂದ ಮಾಡಿ ಕಲಿಯಬೇಕು. ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್, ಸೇಬಿನ ಗಟ್ಟಿ ಹೋಳು, ಇಡೀ ಬೀಜಗಳು, ಪಾಪ್‌ಕಾರ್ನ್, ಗಟ್ಟಿ ಮಿಠಾಯಿ ಇವುಗಳನ್ನು ದೂರವಿಡಿ. ದ್ರಾಕ್ಷಿ ಕೊಡುವುದಾದರೆ ಅದನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ ಬೀಜ ತೆಗೆದು ಕೊಡಬೇಕು. ಮಗು ಮಲಗಿರುವಾಗ, ಅಂಬೆಗಾಲಿಡುತ್ತಿರುವಾಗ, ನಗುತ್ತ ಅಳುತ್ತ ಇರುವಾಗ ತುತ್ತಿಡುವುದು ಬೇಡ.

ಎಷ್ಟು, ಎಷ್ಟು ಸಲ, ಹೇಗೆ

ಮೊದಲಿಗೆ ಎರಡು ಮೂರು ಚಮಚ ತಿಂದರೆ ಸಾಕು. ಆರರಿಂದ ಎಂಟು ತಿಂಗಳಲ್ಲಿ ದಿನಕ್ಕೆ ಎರಡು ಮೂರು ಸಲ ಕೊಡುತ್ತ, ಕ್ರಮೇಣ 250 ಮಿಲಿಲೀಟರ್ ಬಟ್ಟಲಿನ ಅರ್ಧದವರೆಗೆ ಏರಿಸಬಹುದು. ಒಂಬತ್ತು ತಿಂಗಳಿಂದ ಅಷ್ಟೇ ಪ್ರಮಾಣವನ್ನು ಮೂರು ನಾಲ್ಕು ಸಲ, ಒಂದು ವರ್ಷವಾದ ಮೇಲೆ ಮುಕ್ಕಾಲರಿಂದ ಒಂದು ಬಟ್ಟಲಿನಷ್ಟನ್ನು ಮೂರು ನಾಲ್ಕು ಸಲ, ನಡುವೆ ಬೇಕಾದರೆ ಒಂದೆರಡು ಲಘು ತಿನಿಸು. ಇವು ದಾರಿ ತೋರುವ ಅಳತೆಗಳು, ಮಗುವಿನ ಬಾಯಿಗೆ ತುರುಕಿ ಪೂರೈಸಬೇಕಾದ ಗುರಿಗಳಲ್ಲ. ವೈವಿಧ್ಯಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಎಂಟು ಗುಂಪುಗಳನ್ನು ಮಾಡಿದೆ: ಎದೆಹಾಲು, ಧಾನ್ಯ ಮತ್ತು ಗೆಡ್ಡೆ, ಬೇಳೆಕಾಳು ಮತ್ತು ಬೀಜ, ಹಾಲಿನ ಪದಾರ್ಥ, ಮಾಂಸ ಮೀನು, ಮೊಟ್ಟೆ, ಎ ಜೀವಸತ್ವವಿರುವ ಹಣ್ಣು ತರಕಾರಿ, ಇತರ ಹಣ್ಣು ತರಕಾರಿ. ದಿನದಲ್ಲಿ ಕನಿಷ್ಠ ಐದು ಗುಂಪುಗಳಿಂದ ಏನಾದರೂ ಹೊಟ್ಟೆಗೆ ಬಿದ್ದಿರಬೇಕು. ಕುಂಬಳಕಾಯಿ ಹಾಕಿದ ಬೇಳೆ ಗಂಜಿ, ಅದಕ್ಕೊಂದು ಚಮಚ ಮೊಸರು, ಮಧ್ಯೆ ಎದೆಹಾಲು ಎಂದರೆ ಐದೂ ಬಂದಾಯಿತು.

ಹೊಸ ರುಚಿಗೆ ಮಗು ಮುಖ ಸಿಂಡರಿಸಿದ ಮಾತ್ರಕ್ಕೆ ಅದು ಬೇಡವೆಂದು ತೀರ್ಮಾನಿಸಬಾರದು. ಒಂದು ತರಕಾರಿಯನ್ನು ಒಪ್ಪಿಕೊಳ್ಳಲು ಎಂಟು ಹತ್ತು ಸಲ ರುಚಿ ನೋಡಬೇಕಾಗಬಹುದು, ಸೊಪ್ಪಿನಂಥ ಕಹಿಮಿಶ್ರಿತ ರುಚಿಗಳಿಗೆ ಅದಕ್ಕಿಂತಲೂ ಹೆಚ್ಚು. ಸೊಪ್ಪಿಗೆ ಪ್ರತಿಸಲವೂ ಬಾಳೆಹಣ್ಣು ಬೆರೆಸಿ ಸಿಹಿ ಮಾಡಿ ಕೊಟ್ಟರೆ ಮಗು ಕಲಿಯುವುದು ಬಾಳೆಹಣ್ಣನ್ನು, ಸೊಪ್ಪನ್ನಲ್ಲ. ಮುಖ ತಿರುಗಿಸಿದರೆ, ಬಾಯಿ ಬಿಗಿದರೆ, ಚಮಚ ತಳ್ಳಿದರೆ ಊಟ ಮುಗಿಯಿತು. ಮೊಬೈಲ್ ತೋರಿಸಿ ಮೈಮರೆಸಿ ತಿನ್ನಿಸಿದರೆ ಹೊಟ್ಟೆ ತುಂಬಿದ ಸೂಚನೆಯನ್ನು ಮಗುವೂ ಗಮನಿಸುವುದಿಲ್ಲ, ತಿನ್ನಿಸುವವರೂ ಗಮನಿಸುವುದಿಲ್ಲ. ಊಟದ ಜೊತೆಗೆ ಲೋಟದಿಂದ ಒಂದೆರಡು ಗುಟುಕು ಶುದ್ಧ ನೀರು ಕೊಡಬಹುದು, ಊಟಕ್ಕೆ ಮುಂಚೆ ಹೊಟ್ಟೆ ತುಂಬ ನೀರು ಬೇಡ.

ಶುಚಿ ಮತ್ತು ಶೇಖರಣೆ

ಅಡುಗೆಗೆ ಮುಂಚೆ, ಉಣಿಸುವುದಕ್ಕೆ ಮುಂಚೆ, ಶೌಚದ ನಂತರ, ಮಗುವಿನ ಬಟ್ಟೆ ಬದಲಾಯಿಸಿದ ನಂತರ ಸಾಬೂನಿನಿಂದ ಕೈ ತೊಳೆಯಬೇಕು, ಮಗುವಿನ ಕೈಯನ್ನೂ ತೊಳೆಸಬೇಕು. ಹಸಿ ಮಾಂಸ ಹೆಚ್ಚಿದ ಹಲಗೆ ಮತ್ತು ಚಾಕುವನ್ನು ತೊಳೆಯದೆ ಹಣ್ಣಿಗೆ ಬಳಸಬಾರದು. ಮಾಡಿದ ಆಹಾರವನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು, ಸೆಖೆಯ ದಿನಗಳಲ್ಲಿ ಇನ್ನೂ ಬೇಗ ತಣ್ಣಗೆ ಮಾಡಿ ಫ್ರಿಜ್‌ಗೆ ಸೇರಿಸಬೇಕು. ಫ್ರಿಜ್ 5 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರಬೇಕು. ಅಲ್ಲಿಟ್ಟದ್ದನ್ನು ಒಂದೆರಡು ದಿನದಲ್ಲಿ ಮುಗಿಸಬೇಕು.

ದಿನವೂ ಅಡುಗೆ ಮಾಡಲು ಬಿಡುವಿಲ್ಲದವರಿಗೆ ಐಸ್ ಟ್ರೇ ಬಹಳ ಉಪಕಾರಿ. ಬೇಯಿಸಿ ಅರೆದ ತರಕಾರಿ, ಬೇಳೆ, ಮಾಂಸಗಳನ್ನು ಬೇರೆ ಬೇರೆಯಾಗಿ ಟ್ರೇಯಲ್ಲಿ ಹಾಕಿ, ಗಟ್ಟಿಯಾದ ಮೇಲೆ ಬಿಲ್ಲೆಗಳನ್ನು ಡಬ್ಬಿಗೆ ತುಂಬಿ ತಾರೀಖು ಬರೆದು ಫ್ರೀಜರಿನಲ್ಲಿಟ್ಟರೆ ಒಂದು ತಿಂಗಳವರೆಗೆ ಧಾರಾಳವಾಗಿ ಬಳಸಬಹುದು. ಬೇಕಾದಷ್ಟು ಬಿಲ್ಲೆಗಳನ್ನು ಹಿಂದಿನ ರಾತ್ರಿ ಫ್ರಿಜ್‌ನ ಕೆಳ ಅಂಕಣಕ್ಕೆ ಇಳಿಸಿ, ಬೆಳಿಗ್ಗೆ ಒಳಗಿನವರೆಗೂ ಹೊಗೆಯಾಡುವಂತೆ ಬಿಸಿ ಮಾಡಿ, ಉಗುರುಬೆಚ್ಚಗೆ ಆರಿಸಿ ಕೊಡಿ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಒಂದು ಕಡೆ ತಣ್ಣಗಿದ್ದು ಇನ್ನೊಂದು ಕಡೆ ಸುಡುವಂತಿರಬಹುದು, ಚೆನ್ನಾಗಿ ಕಲಸಿ ಮುಂಗೈಗೆ ಹಚ್ಚಿ ನೋಡಬೇಕು. ಒಮ್ಮೆ ಕರಗಿಸಿದ್ದನ್ನು ಮತ್ತೆ ಗಟ್ಟಿಗಟ್ಟಿಸಬಾರದು. ಮಗುವಿನ ಬಾಯಿಗೆ ಹೋಗಿ ಬಂದ ಚಮಚ ಅದ್ದಿದ ಬಟ್ಟಲಿನಲ್ಲಿ ಉಳಿದದ್ದನ್ನು ಎತ್ತಿಡಲೂ ಬಾರದು. ಜೊಲ್ಲಿನ ಜೊತೆಗೆ ಸೇರಿದ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯುತ್ತವೆ. ಹಾಗಾಗಿ ಮೊದಲೇ ಸ್ವಲ್ಪ ಬಡಿಸಿಕೊಂಡು, ಬೇಕಾದರೆ ಬೇರೆ ಚಮಚದಿಂದ ಮತ್ತೆ ಹಾಕಿಕೊಳ್ಳುವುದು ಲೇಸು.

ಕಾಯಿಲೆ ಬಿದ್ದಾಗ

ಜ್ವರ ಅಥವಾ ಭೇದಿಯಾದಾಗ ಆಹಾರ ನಿಲ್ಲಿಸಿ ಹೊಟ್ಟೆಗೆ ವಿಶ್ರಾಂತಿ ಕೊಡಬೇಕೆಂಬುದು ಸರಿಯಲ್ಲ. ಎದೆಹಾಲನ್ನು ಹೆಚ್ಚು ಸಲ ಕುಡಿಸಿ, ಮಗುವಿಗೆ ಇಷ್ಟವಾದ ಮೆತ್ತಗಿನ ಆಹಾರವನ್ನು ಸ್ವಲ್ಪಸ್ವಲ್ಪವೇ ಮತ್ತೆ ಮತ್ತೆ ಕೊಡಬೇಕು. ಗುಣವಾದ ಮೇಲೆ ಕೆಲವು ದಿನ ಎಂದಿಗಿಂತ ಒಂದು ಊಟ ಹೆಚ್ಚು ಕೊಟ್ಟರೆ ಇಳಿದ ತೂಕ ಮರಳುತ್ತದೆ. ಹೊಸ ಆಹಾರ ಆರಂಭಿಸಿದ ಮೇಲೆ ಮಲದ ಬಣ್ಣ ಮತ್ತು ವಾಸನೆ ಬದಲಾಗುವುದು, ಕ್ಯಾರೆಟ್ಟಿನ ಚೂರು ಹಾಗೆಯೇ ಕಾಣುವುದು ಚಿಂತೆಯ ವಿಷಯವಲ್ಲ. ಮಲದಲ್ಲಿ ರಕ್ತ, ನಿಲ್ಲದ ವಾಂತಿ, ಮೂತ್ರ ತೀರ ಕಡಿಮೆಯಾಗುವುದು, ತಿಂಗಳಾದರೂ ತೂಕ ಏರದಿರುವುದು, ಒಂಬತ್ತು ತಿಂಗಳು ದಾಟಿದರೂ ಯಾವ ಗಟ್ಟಿ ಆಹಾರವನ್ನೂ ನುಂಗದಿರುವುದು ಕಂಡರೆ ಅಡುಗೆಯಲ್ಲಿ ಬದಲಾವಣೆ ಮಾಡುತ್ತ ಕೂರದೆ ಮಗುವನ್ನು ವೈದ್ಯರಿಗೆ ತೋರಿಸಬೇಕು; ಹೋಗುವಾಗ ಹಿಂದಿನ ಮೂರು ನಾಲ್ಕು ದಿನ ಏನೇನು, ಎಷ್ಟೆಷ್ಟು ತಿನ್ನಿಸಿದಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅವರಿಗೆ ಕಾರಣ ಹುಡುಕುವುದು ಸುಲಭವಾಗುತ್ತದೆ.